ಲ್ಯಾಪ್‌ಟಾಪಿನಲ್ಲಿ ಟಿವಿ ನೋಡಿದ ಮಧ್ಯಾಹ್ನ

ಇಂಚರಾ, ಚಿರಂತ್, ನಿಮ್ಮ ಅಜ್ಜಿಯಾದ ನಾನು ಬೆಂಗಳೂರಿನ ಟಿ. ದಾಸರಹಳ್ಳಿಯ ಹೆಂಗಸರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ ಎಂಬುದು ನಿಮಗೆ ಗೊತ್ತು. ಅಲ್ಲಿನ ಕಥೆ ಹೇಳು ಎಂದಾಗಲೆಲ್ಲ ಮಾತು ತೇಲಿಸಿದ್ದೇನೆ. ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ೨೦೧೦ರ ಸುಮಾರು. ನಿಮ್ಮ ತಾತ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದ್ದೆ. ಮೂರು ಮಹಡಿಯ ಕಟ್ಟಡ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಹುಡುಗಿಯರು, ಹೆಚ್ಚಿನವರು ಗದಗ, ಕೊಪ್ಪಳದ ಕಡೆಯವರು. ರಾತ್ರಿ ಪಾಳಿಯವರು ಹಗಲು ಮಲಗಬೇಕಲ್ಲ, ಅವರಿಗೆ ತಂಪಿರಲೆಂದು ನೆಲಮಹಡಿಯ ಕೋಣೆಗಳನ್ನು ಕೊಟ್ಟಿದ್ದೆವು.

ಮೇಲಿನ ಮಹಡಿಯಲ್ಲಿ ರೇಣುಕಾ ಎಂಬ ಡಿಪ್ಲೊಮಾ ಓದಿದ ಹುಡುಗಿ ಇದ್ದಳು. ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪ್ ಇದ್ದದ್ದು ಅವಳೊಬ್ಬಳ ಹತ್ತಿರ. ಇಂಟರ್ನೆಟ್‌ಗೆ ಡೇಟಾ ಕಾರ್ಡ್ ಇತ್ತು, ಆದರೆ ಅದರಲ್ಲಿ ಒಂದು ಫೋಟೊ ತೆರೆಯುವಷ್ಟರಲ್ಲಿ ಅನ್ನ ಬೆಂದಿರುತ್ತಿತ್ತು. ಧಾರಾವಾಹಿ ನೋಡುವ ಆಸೆಗೆ ಅವಳು ಟಿವಿ ಟ್ಯೂನರ್ ತಂದಿದ್ದಳು. ಹೆಬ್ಬೆರಳಷ್ಟು ದಪ್ಪದ ಕಡ್ಡಿ ಅದು. ಒಂದು ತುದಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಕೇಬಲ್ ವೈರನ್ನೋ ಆಂಟೆನಾ ವೈರನ್ನೋ ಕೊಟ್ಟರೆ ಇಂಟರ್ನೆಟ್ ಇಲ್ಲದೆಯೇ ಟಿವಿ ಬರುತ್ತಿತ್ತು. ಭಾನುವಾರ ಹುಡುಗಿಯರೆಲ್ಲ ಅವಳ ಮಂಚದ ಮೇಲೆ ಒತ್ತಿಕೊಂಡು ಕೂರುತ್ತಿದ್ದರು.

ಅಂಥದೇ ಒಂದು ಭಾನುವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆಯುತ್ತಿದ್ದ ಅಡುಗೆಯ ಲಕ್ಷ್ಮಮ್ಮ "ಅಕ್ಕಾ, ಗ್ಯಾಸು ವಾಸನೆ" ಎಂದಳು. ಗ್ಯಾಸು ಸೋರಿದರೆ ಏನು ಮಾಡಬೇಕೆಂದು ಎಲ್ಲರಿಗೂ ಹೇಳಿಕೊಟ್ಟಿದ್ದೆವು. ಸಿಲಿಂಡರ್ ಬಂದ್ ಮಾಡಬೇಕು, ಬಾಗಿಲು ಕಿಟಕಿ ಎಲ್ಲ ತೆರೆಯಬೇಕು. ಹುಡುಗಿಯರು ಓಡಿಹೋಗಿ ಮೂರೂ ಮಹಡಿಯ ಕಿಟಕಿಗಳನ್ನು ತೆರೆದರು. ವಾಸನೆ ಹೆಚ್ಚಾಯಿತು. ಅಡುಗೆ ಗ್ಯಾಸಿನಂತೆ ಇರಲಿಲ್ಲ ಅದು, ಬ್ಲೀಚಿಂಗ್ ಪೌಡರಿನ ಡಬ್ಬಿಗೆ ಮೂಗು ಹಾಕಿದಂತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು.

ಕಟ್ಟಡದ ಮಾಲೀಕರು ಮುನಿಯಪ್ಪನವರು ಸ್ಕೂಟರಿನಲ್ಲಿ ಬಂದು ಗೇಟಿನ ಹೊರಗಿನಿಂದಲೇ ಕೂಗಿದರು. "ಸರೋಜಮ್ಮ, ಗುಜರಿ ಗೋಡೌನಲ್ಲಿ ಯಾವ್ದೋ ಗ್ಯಾಸ್ ಲೀಕಾಗೈತಂತೆ. ಉಡುಗೀರ್ನೆಲ್ಲ ಕರ್ಕಂಡು ಕಾಲುವೆ ಪಕ್ಕದ ಬಯಲಿಗೆ ಓಗ್ಬಿಡಮ್ಮ. ಇಲ್ಲೇ ಕುಂತ್ರೆ ಸತ್ತೋಯ್ತೀರ." ತಮ್ಮ ಮನೆಯವರನ್ನು ಕರೆತರಬೇಕೆಂದು ಹಾಗೇ ಹೊರಟುಹೋದರು.

ಯಾರ ಮೊಬೈಲಿಗೂ ಲೈನ್ ಸಿಗುತ್ತಿರಲಿಲ್ಲ. ರಸ್ತೆಯಲ್ಲಿ ಜನ ಮಕ್ಕಳನ್ನು ಎತ್ತಿಕೊಂಡು ಓಡುತ್ತಿದ್ದರು. ಹುಡುಗಿಯರು ಮೆಟ್ಟಿಲ ಮೇಲೆ ಗುಂಪಾಗಿ ನನ್ನ ಮುಖ ನೋಡುತ್ತಿದ್ದರು. ನಾನು ಆವರೆಗೆ ಗಟ್ಟಿಯಾಗಿ ಯಾರಿಗೂ ಏನೂ ಹೇಳಿದವಳಲ್ಲ.

ರೇಣುಕಾ ಮೇಲಿನಿಂದ ಕೂಗಿದಳು. "ಅಕ್ಕಾರ, ನೆಟ್ ಬರೀ ಚಕ್ರ ತಿರಗಾಕತ್ತೈತ್ರಿ. ಟಿವಿ ನೋಡೂಣು, ಸುದ್ದಿ ಬಂದಿರತೈತಿ."

"ಕರೆಂಟಿಲ್ಲವಲ್ಲೇ?"

"ಲ್ಯಾಪ್‌ಟಾಪಿಗೆ ಬ್ಯಾಟರಿ ಐತ್ರಿ. ಕೇಬಲ್ ಸತ್ತೈತಿ, ಕಂಬದ ಮ್ಯಾಲಿನ ಡಬ್ಬಿಗೂ ಕರೆಂಟ್ ಬೇಕಲ್ರಿ. ತಾರಸಿ ಮ್ಯಾಲೆ ಹಳೇ ಆಂಟೆನಾ ಐತಲ್ಲ, ಅದರ ವೈರ್ ಹಚ್ಚೇನಿ. ಯಾರರೆ ಹೋಗಿ ತಿರುವಬೇಕು."

ನಾನೇ ಹೋದೆ. ಬೇರೆ ಯಾರನ್ನಾದರೂ ಕಳಿಸಲು ಮನಸ್ಸು ಬರಲಿಲ್ಲ. ತುಕ್ಕು ಹಿಡಿದ ಕೊಳವೆ ಹಿಡಿದು ತಿರುಗಿಸುತ್ತ ಕೆಳಗೆ ನೋಡಿದೆ. ಗುಜರಿ ಅಂಗಡಿಗಳ ಸಾಲಿನಿಂದ ತಿಳಿ ಹಳದಿ ಹಸಿರಿನ ಮಬ್ಬೊಂದು ಎದ್ದು, ಮೇಲೇರದೆ ನೆಲಕ್ಕೆ ಅಂಟಿಕೊಂಡು ಕಾಲುವೆಯ ತಗ್ಗಿನ ಕಡೆಗೆ ಹರಿಯುತ್ತಿತ್ತು. ಜನರೂ ಆ ಕಡೆಗೇ ಓಡುತ್ತಿದ್ದರು.

"ಬಂತೇನೇ?"

"ಬರೀ ಚುಕ್ಕಿ ಚುಕ್ಕಿ ಐತ್ರಿ. ಇನ್ನೊಂಚೂರು. ಹಾಂ, ತಡೀರಿ, ಹಂಗ ಹಿಡೀರಿ. ಧ್ವನಿ ಬಂತು."

ಆಂಟೆನಾದಿಂದ ಸಿಗುತ್ತಿದ್ದದ್ದು ಸರ್ಕಾರಿ ಚಾನೆಲ್ ಒಂದೇ. ಕಿಟಕಿಯ ಬಳಿ ನಿಂತು ರೇಣುಕಾ ಕೇಳಿದ್ದನ್ನು ಕೇಳಿದಂತೆ ಕೂಗಿ ಹೇಳಿದಳು. ಹಳೆಯ ಕ್ಲೋರಿನ್ ಸಿಲಿಂಡರ್ ಸೋರಿದೆ. ಇದು ಗಾಳಿಗಿಂತ ಭಾರದ ಅನಿಲ. ತಗ್ಗು ಜಾಗಕ್ಕೆ ಹೋಗಬೇಡಿ. ಕಿಟಕಿ ಬಾಗಿಲು ಮುಚ್ಚಿ, ಮೇಲಿನ ಮಹಡಿಗೆ ಹೋಗಿ, ಒದ್ದೆ ಬಟ್ಟೆ ಮೂಗಿಗೆ ಹಿಡಿದುಕೊಳ್ಳಿ.

ನಾವು ಮಾಡಿದ್ದೆಲ್ಲ ತಿರುವುಮುರುವು. ಓಡಿ ಇಳಿದೆ. ಕಿಟಕಿ ಮುಚ್ಚಿಸಿದೆ. ನೆಲಮಹಡಿಯಲ್ಲಿ ರಾತ್ರಿ ಪಾಳಿಯವರು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು, ಆಗಲೇ ನಿದ್ದೆಯಲ್ಲಿ ಕೆಮ್ಮುತ್ತಿದ್ದರು. ಒಬ್ಬೊಬ್ಬರನ್ನೂ ಎಳೆದು ಎಬ್ಬಿಸಿ ಮೇಲಕ್ಕೆ ಅಟ್ಟಿದೆವು. ಕೊನೆಗೆ ಯಾರೂ ಬಯಲಿಗೆ ಓಡದಿರಲೆಂದು ಗೇಟಿಗೆ ಬೀಗ ಹಾಕಿದೆ.

ಆಗ ಮಹಾದೇವಿ ಎಂಬ ಹುಡುಗಿ ಬಂದು ನನ್ನ ಮುಂಗೈ ಹಿಡಿದಳು. ಅವಳ ತಂಗಿ ಕಸ್ತೂರಿ ಸೋಪು ತರಲು ಅಂಗಡಿಗೆ ಹೋಗಿದ್ದಳು.

"ಕೀಲಿ ತಗೀರಿ ಅಕ್ಕಾರ. ನನ್ನ ತಂಗಿ ಹೊರಗ ಅದಾಳ."

"ನೀನು ಹೋದರೆ ಇಬ್ಬರೂ ಹೋಗುತ್ತೀರಿ ಮಗಳೇ. ಅವಳು ಬಂದು ಗೇಟು ಬಡಿದರೆ ತೆಗೆಯುತ್ತೇನೆ."

"ಟಿವಿ ಮಾತು ಕೇಳಿ ನನ್ನ ತಂಗೀನ್ನ ಕೊಲ್ತೀರೇನು? ನಿಮಗ ಒಡಹುಟ್ಟಿದವರು ಇಲ್ಲೇನು?"

ಅವಳನ್ನು ಇಬ್ಬರು ಹಿಡಿದು ಮೇಲಕ್ಕೆ ಒಯ್ದರು. ನಾನು ಮುಖಕ್ಕೆ ಒದ್ದೆ ಸೆರಗು ಕಟ್ಟಿಕೊಂಡು ಮೊದಲ ಮಹಡಿಯ ಮೆಟ್ಟಿಲಲ್ಲಿ ಕುಳಿತೆ, ಗೇಟಿನ ಸದ್ದಿಗೆ ಕಾಯುತ್ತ. ಕಣ್ಣು ಉರಿಯುತ್ತಿತ್ತು. ಸದ್ದು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಟಿವಿಯ ಧ್ವನಿಯೂ ನಿಂತಿತು. ಬ್ಯಾಟರಿ ಮುಗಿದಿತ್ತು. ಅಲ್ಲಿಂದ ಮುಂದೆ ನಮಗೆ ಹೇಳುವವರು ಯಾರೂ ಇರಲಿಲ್ಲ. ಸುದ್ದಿಯವರು ಬೇರೆ ಯಾವುದೋ ಅನಿಲದ ವಿಷಯ ಹೇಳಿದ್ದರೆ? ಗದ್ದಲದಲ್ಲಿ ರೇಣುಕಾ ತಪ್ಪು ಕೇಳಿಸಿಕೊಂಡಿದ್ದರೆ? ಇಷ್ಟು ಜನರ ಮಕ್ಕಳನ್ನು ನಾನೇ ಕೂಡಿಹಾಕಿ ಸಾಯಿಸುತ್ತಿದ್ದೇನೆಯೇ? ಮೇಲಿನಿಂದ ಯಾರಾದರೂ ಕೆಮ್ಮಿದಾಗಲೆಲ್ಲ ಎದ್ದು ಎರಡು ಮೆಟ್ಟಿಲು ಹತ್ತಿ ಕಿವಿಗೊಡುತ್ತಿದ್ದೆ.

ಸಂಜೆ ಅಗ್ನಿಶಾಮಕದವರು ಬಂದು ಗೇಟು ತಟ್ಟಿದರು. ನಮ್ಮಲ್ಲಿ ಎಲ್ಲರೂ ನಡೆದುಕೊಂಡೇ ಹೊರಗೆ ಬಂದರು. ಕಾಲುವೆ ಬಯಲಿಗೆ ಓಡಿದವರಲ್ಲಿ ಬಹಳ ಜನ ಆಸ್ಪತ್ರೆ ಸೇರಿದ್ದರು. ಕಸ್ತೂರಿಯೂ ಅಲ್ಲೇ ಇದ್ದಳು. ಗುಂಪಿನ ಜೊತೆ ಅವಳೂ ತಗ್ಗಿಗೆ ಓಡಿದ್ದಳು. ಜೀವ ಉಳಿಯಿತು. ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಕಾರ್ಖಾನೆ ಕೆಲಸ ಮಾಡಲಾಗಲಿಲ್ಲ. ಅಕ್ಕತಂಗಿಯರು ಊರಿಗೆ ಹೊರಟ ದಿನ ಕಸ್ತೂರಿ ನನ್ನ ಕಾಲು ಮುಟ್ಟಿದಳು. ಮಹಾದೇವಿ ಟ್ರಂಕು ಹಿಡಿದು ಗೇಟಿನಾಚೆ ನಿಂತಿದ್ದಳು, ನನ್ನ ಕಡೆ ತಿರುಗಲಿಲ್ಲ.

ಉಳಿದ ಹುಡುಗಿಯರ ತಂದೆತಾಯಿಯರು ಬಂದು ಕೈಮುಗಿದರು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಕೆಲಸ ನನಗೆ ಕಲಿಸಿದ್ದು ಬೇರೆ. ನಾಲ್ಕು ಜನರ ಜವಾಬ್ದಾರಿ ಹೊತ್ತವರು ಸರಿಯಾದ ತೀರ್ಮಾನ ತೆಗೆದುಕೊಂಡರೂ ಒಬ್ಬರ ಕಣ್ಣೀರಿಗೆ ಕಾರಣರಾಗಬಹುದು. ಆ ಕಣ್ಣೀರಿನ ಎದುರು ವಾದ ಹೂಡಬಾರದು, ಅವರ ಸಿಟ್ಟನ್ನು ತಪ್ಪೆನ್ನಲೂಬಾರದು. ಇಂದಿಗೂ ನನ್ನ ಮುಂಗೈ ಮೇಲೆ ಮಹಾದೇವಿಯ ಹಿಡಿತ ಇದ್ದಂತೆಯೇ ಇದೆ.

ಅವಳು ಎಂದಾದರೂ ನನ್ನನ್ನು ಹುಡುಕಿಕೊಂಡು ಬಂದಾಳೆಂದು ಅನ್ನಿಸುತ್ತಿರುತ್ತದೆ. ನಾನಿಲ್ಲದಾಗ ಬಂದರೆ ಕೂರಿಸಿ, ಊಟ ಹಾಕಿ, ಇದನ್ನು ಓದಲು ಕೊಡಿ ಮಕ್ಕಳೇ. ಅಲ್ಲಿಯವರೆಗೆ ಈ ಹಾಳೆಗಳು ಒಂದೂ ಕಳೆಯದ ಹಾಗೆ ಜೋಪಾನವಾಗಿಟ್ಟುಕೊಳ್ಳಿ.