ಫೋನು ಕೆಳಗಿಡುವ ಹೊತ್ತು ಮತ್ತು ತುಮೆಮಾ ಮೇಡಂ

ಮಕ್ಕಳ ಪಾಠದಷ್ಟೇ ಮಕ್ಕಳ ಮನೆಯನ್ನೂ ತಮ್ಮ ಕೆಲಸವೆಂದು ಬಗೆದ ಶಿಕ್ಷಕರು ಸಮೋವಾದಲ್ಲಿ ವಿರಳ. ಆ ವಿರಳರಲ್ಲಿ ಮೊದಲಿಗರು ಸವಾಯಿ ದ್ವೀಪದ ನಮ್ಮ ಶಾಲೆಯ ಶ್ರೀಮತಿ ತುಮೆಮಾ ಅವರು. ಅವರ ನಿವೃತ್ತಿಗೆಂದು ಊರೆಲ್ಲ ಹೂಹಾರ ಕಟ್ಟುತ್ತಿರುವಾಗ, ಪಕ್ಕದ ಕೋಣೆಯಲ್ಲಿ ಲೆಕ್ಕ ಕಲಿಸುತ್ತ ಬಂದ ನನಗೆ ಮಾತ್ರ ಸಿಟ್ಟು ಬರುತ್ತಿದೆ. ಇಂಥವರನ್ನು ವಯಸ್ಸಾಯಿತೆಂದು ಮನೆಗೆ ಕಳಿಸುವ ಕಾನೂನಿಗೆ ಏನೆನ್ನೋಣ?

ತರುಣಿಯಾಗಿ ಸೇವೆಗೆ ಬಂದ ಅವರು ಕಲಿಸಿದ್ದು ಭಾಷೆ; ಮಾಡಿದ್ದು ಎಲ್ಲರ ಕೆಲಸ. ನನ್ನ ಮಡದಿ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನನ್ನ ತರಗತಿಯನ್ನು ತಮ್ಮದರೊಂದಿಗೆ ಸೇರಿಸಿಕೊಂಡು ನಡೆಸಿದರು. ಕೃತಜ್ಞತೆ ಹೇಳಹೋದರೆ, "ಗದ್ದಲ ಜಾಸ್ತಿ ಇತ್ತು, ಖುಷಿಯಾಯ್ತು ಬಿಡಿ" ಎಂದು ಮಾತು ಹಾರಿಸಿದರು. ಮುಂದೆ ಹೊರದೇಶದ ಬಂಧುಗಳು ಕಳಿಸಿದ ಫೋನುಗಳು ಮನೆಮನೆಗೂ ಬಂದವು. ಮಕ್ಕಳು ತರಗತಿಯಲ್ಲಿ ತೂಕಡಿಸತೊಡಗಿದರು. ಮೇಷ್ಟ್ರುಗಳಾದ ನಾವು ಗಂಟಲು ಹರಿಯುವಂತೆ ಬೈದೆವು. ಮೇಡಂ ಬೈಯಲಿಲ್ಲ, ಶಾಲೆ ಬಿಟ್ಟ ಮೇಲೆ ಒಂದೊಂದೇ ಮನೆಗೆ ಹೊರಟರು.

ಚಾಪೆಯ ಮೇಲೆ ಕಾಲು ಮಡಿಸಿ ಕುಳಿತು, ಕೊಟ್ಟ ಕೋಕೋ ಕುಡಿದು, ತಂದೆ ಮಗನ ಮೇಲೆ ದೂರು ಹೇಳುವುದನ್ನೆಲ್ಲ ಕೇಳುವರು. ಆಮೇಲೆ ಮೆಲ್ಲಗೆ, "ಅವನದು ಆಮೇಲೆ ನೋಡೋಣಪ್ಪ, ಮೊದಲು ನಿನ್ನ ಫೋನ್ ತೋರಿಸು. ಊಟಕ್ಕೆ ಕೂತಾಗಲೂ ತೊಡೆ ಮೇಲೇ ಇರುತ್ತಂತಲ್ಲ!" ಎನ್ನುವರು. ತಾಯಿ ಬಾಯಿಗೆ ಕೈ ಅಡ್ಡವಿಟ್ಟು ನಗುವಳು. ಮುಸ್ಸಂಜೆ ಶಂಖ ಊದಿದೊಡನೆ ಊರಿಗೆ ಊರೇ ಒಳಗೆ ಕುಳಿತು ಪ್ರಾರ್ಥಿಸುವುದು ನಮ್ಮ ಹಿರಿಯರ ಕಾಲದ ರೂಢಿ. ಶಂಖ ಊದಿದಾಗ ದೊಡ್ಡವರು ಚಿಕ್ಕವರೆನ್ನದೆ ಎಲ್ಲರ ಫೋನೂ ಬುಟ್ಟಿಗೆ ಬೀಳಲಿ, ಮಕ್ಕಳ ಓದು ಮುಗಿದ ಮೇಲೆ ಹೊರಗೆ ಬರಲಿ ಎಂದಷ್ಟೇ ಅವರು ಕೇಳಿಕೊಂಡರು. ಆ ವರ್ಷ ಮಕ್ಕಳು ಎಚ್ಚರವಾಗಿ ಕುಳಿತು ಪಾಠ ಕೇಳಿದರು.

ಆದರೆ ಒಳ್ಳೆಯದೊಂದು ಕಣ್ಣಿಗೆ ಬಿದ್ದರೆ ಅದನ್ನು ಕಾನೂನು ಮಾಡದೆ ಬಿಡುವವರೇ ನಮ್ಮ ಊರ ಸಭೆಯ ಹಿರಿಯರು? ಶಂಖ ಊದಿದ ಮೇಲೆ ಮಗುವಿನ ಕೈಯಲ್ಲಿ ಫೋನು ಕಂಡರೆ ಆ ಮನೆಯವರು ಸಭೆಗೆ ಹಂದಿ ದಂಡ ಕೊಡಬೇಕು, ಫೋನು ಜಪ್ತಿ ಎಂದು ಸಾರಿದರು. ದೊಡ್ಡವರ ಬುಟ್ಟಿಯ ಸುದ್ದಿಯೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಮೇಡಂ ಪಾಪ, ತಮ್ಮ ಮಾತಿಗೆ ಬೆಲೆ ಬಂತೆಂದು ಹಿಗ್ಗಿ ಸಭೆಗೆ ವಂದನೆಯನ್ನೂ ಹೇಳಿದರು.

ಮೊದಲು ಸಿಕ್ಕಿಬಿದ್ದವಳು ಫಿಪೆ ಎಂಬ ಹುಡುಗಿ. ಅವಳ ತಾಯಿ ತಾಲಾ ಆಸ್ಟ್ರೇಲಿಯಾದಲ್ಲಿ ಹಣ್ಣು ಪ್ಯಾಕ್ ಮಾಡುವ ಕೆಲಸಕ್ಕೆ ಹೋಗಿದ್ದಳು. ಅಲ್ಲಿ ಅವಳ ಪಾಳಿ ಶುರುವಾಗುವ ಮುಂಚಿನ ತುಸು ಬಿಡುವಿನಲ್ಲಿ ಇಲ್ಲಿ ಶಂಖ ಮೊಳಗುತ್ತಿತ್ತು. ಬೇರೆ ಹೊತ್ತಿನಲ್ಲಿ ತಾಯಿಮಗಳಿಗೆ ಮಾತೇ ಇಲ್ಲ. ಚರ್ಚಿನ ಹಿಂದೆ ಅಡಗಿ ಮಾತಾಡುತ್ತಿದ್ದವಳ ಫೋನು ಹೋಯಿತು. ಅಜ್ಜಿ ವಾಯಿಮೋಲಿ ಹಂದಿ ಕೊಟ್ಟು, ಅವಮಾನ ತಾಳಲಾರದೆ, "ಊರ ಮುಂದೆ ತಲೆ ತಗ್ಗಿಸಿದ್ದಾಯ್ತು. ಇನ್ನು ಶಾಲೆನೂ ಬೇಡ, ಓದೂ ಬೇಡ. ನಾಳೆನೇ ಮಾವನ ತೋಟಕ್ಕೆ ಹೋಗ್ಲಿ" ಎಂದು ಮೊಮ್ಮಗಳ ಬಟ್ಟೆ ಗಂಟು ಕಟ್ಟಿದಳು.

ಮರುದಿನ ಬೆಳಗಾಗುವಾಗ ಆ ಮನೆಯ ಅಂಗಳದಲ್ಲಿ ಮೇಡಂ ಮಂಡಿಯೂರಿದ್ದರು. ಮದುವೆ ಸಾವುಗಳಿಗಷ್ಟೇ ತೆಗೆಯುವ ಮನೆತನದ ನುಣುಪು ಚಾಪೆಯನ್ನು ತಲೆಯ ಮೇಲೆ ಹೊದ್ದಿದ್ದರು. ಇಫೋಂಗ! ಕೊಲೆಯಂಥ ಘೋರ ತಪ್ಪಿಗೆ ನೊಂದವರ ಮುಂದೆ ಮಾಡುವ ಕ್ಷಮಾಯಾಚನೆ ಅದು. ಒಳಗಿನವರು ಬಂದು ಚಾಪೆ ಎತ್ತುವವರೆಗೆ ಏಳುವಂತಿಲ್ಲ. ಅವರು ಎತ್ತದೆಯೂ ಇರಬಹುದು.

ಸಭೆಯ ಮುಖಂಡ ಲೆಸಾ ಓಡೋಡಿ ಬಂದರು. "ಏನ್ ಮೇಡಂ ಇದು, ಯಾರಾದ್ರೂ ಸತ್ತಿದ್ದಾರಾ? ಒಂದು ಫೋನಿಗೆ ಇಷ್ಟೊಂದಾ? ಏಳಿ, ಊರ ಮರ್ಯಾದೆ ತೆಗೀಬೇಡಿ!"

ಚಾಪೆಯೊಳಗಿಂದ ಮಾತು ಬಂತು: "ಈ ರೂಢಿ ಹೇಳಿಕೊಟ್ಟವಳು ನಾನು. ಆ ಹೊತ್ತಲ್ಲಿ ಯಾವ ಮನೇಲಿ ಏನಿದೆ ಅಂತ ನಾನು ಕೇಳ್ಲೇ ಇಲ್ಲ. ನೀವು ಹೋಗಿ, ಮಳೆ ಬರೋ ಹಾಗಿದೆ."

ಮಳೆ ಬಂದೇ ಬಂತು. ಲೆಸಾ ಹೋಗಲಿಲ್ಲ, ನೆನೆಯುತ್ತ ನಿಂತರು. ಬೇಲಿಯ ಬಳಿ ನಿಂತಿದ್ದ ನನಗೆ ಅಳು ಬಂತು. ಆ ಮನೆಯೊಳಗೆ ಯಾರೂ ಅಲುಗಾಡಲಿಲ್ಲ. ಮಳೆ ನಿಂತು ಬಿಸಿಲು ಬಂದ ಮೇಲೆ ವಾಯಿಮೋಲಿ ಮೆಟ್ಟಿಲಿಳಿದು ಬಂದು, ಕಣ್ಣೊರೆಸಿಕೊಳ್ಳುತ್ತ ಒದ್ದೆ ಚಾಪೆ ಎತ್ತಿದಳು.

"ಏಳಮ್ಮಾ, ಏಳು. ಮಂಡಿಗೆ ವಯಸ್ಸಾಗಿದೆ ಅಂತ ಗೊತ್ತಾಗೋದಿಲ್ವಾ ನಿನಗೆ? ಫಿಪೆ, ಟೀಚರ್ ಚೀಲ ಹಿಡ್ಕೊಳೇ. ಶಾಲೆಗೆ ಹೊತ್ತಾಯ್ತು."

ಅದೇ ವಾರ ಸಭೆ ದಂಡವನ್ನು ಕೈಬಿಟ್ಟು ಫೋನನ್ನು ಹಿಂದಿರುಗಿಸಿತು. ಫೋನು ಕೆಳಗಿಡುವ ಹೊತ್ತನ್ನು ಆಯಾ ಮನೆಯವರೇ ಮಕ್ಕಳೊಂದಿಗೆ ಕುಳಿತು ಗೊತ್ತುಮಾಡಲಿ ಎಂದಿತು. ಲೆಸಾ ಅವರ ಫೋನೂ ಬುಟ್ಟಿಗೆ ಬಿತ್ತು. ಗೊಣಗಾಟ ಮಾತ್ರ ಇನ್ನೂ ನಿಂತಿಲ್ಲ. ಮೇಡಂ ಅಂದಿನಿಂದ ಯಾವ ಮನೆಗೆ ಹೋದರೂ ಸಲಹೆ ಕೊಡುವ ಮುಂಚೆ, "ಈ ಫೋನಲ್ಲಿ ಯಾರಿದ್ದಾರೆ ಮಗೂ?" ಎಂದು ಕೇಳುತ್ತಾರೆ.

ಇಂಥ ಹಿರಿಯರಿಗೆ ಆಯುರಾರೋಗ್ಯ ಕೋರಲು, ಅವರ ಮನೆಭೇಟಿಗಳು ನಿವೃತ್ತಿಯ ಬಳಿಕವೂ ನಡೆಯಲೆಂದು ಪ್ರಾರ್ಥಿಸಲು ಲೆಕ್ಕದ ಮೇಷ್ಟ್ರಾದ ನನ್ನಲ್ಲಿ ಪದಗಳು ಸಾಲವು. ಹಣ್ಣಿನ ಋತು ಮುಗಿಸಿ ಊರಿಗೆ ಮರಳಿದ ದಿನ ತಾಲಾ ನೇರವಾಗಿ ಶಾಲೆಗೆ ಬಂದು, ಮೇಡಂ ಕೈ ಹಿಡಿದು ಹೇಳಿದ್ದನ್ನೇ ಇಲ್ಲಿ ಒಪ್ಪಿಸುತ್ತೇನೆ: "ನನ್ನ ಮಗಳಿಗೆ ನಾನು ಬರೀ ಒಂದು ದನಿಯಾಗಿ ಉಳಿದಿದ್ದೆ ಮೇಡಂ. ಅದೂ ಹೋಗಿದ್ರೆ ನಾನು ಸತ್ತ ಹಾಗೇ. ನೂರು ಕಾಲ ಬಾಳಿ."