ಹೂ ಬಿಡದ ಸ್ಟ್ರಾಬೆರಿ ಗಿಡ

ಗಿಡ ಕೊಳ್ಳುವವರಿಗೆ ನಾನು ಹೇಳುತ್ತಿದ್ದ ಮಾತು ಒಂದೇ: ಹಣ್ಣು ಕಂಡು ಕೊಳ್ಳಿ. ಕುರ್ಲಾದಲ್ಲಿ ಕೈಗಾಡಿಯಿಂದ ಶುರು ಮಾಡಿ ಅಂಗಡಿ ಕಟ್ಟಿದವನು ನಾನು. ಮಾತಿಗಿಂತ ಮಾಲನ್ನು ನಂಬುತ್ತೇನೆ. ಆ ಫೆಬ್ರವರಿಯಲ್ಲಿ ಮಗಳ ಜೊತೆ ವಿಕ್ರೋಳಿಯ ನರ್ಸರಿಗೆ ಹೋದಾಗಲೂ ಅದೇ ಧೈರ್ಯ.

ಅವಳನ್ನು ಹಿಮಾಚಲದ ಮನೆಗೆ ಕೊಟ್ಟಿದ್ದೇವೆ. ಅಲ್ಲಿ ಅಡುಗೆಮನೆಯ ಹಿಂದಿನ ಮೂಲೆಯೊಂದನ್ನು ಅತ್ತೆ ಅವಳ ಕೈಗೆ ಬಿಟ್ಟಿದ್ದರು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ ನೆಲ. ನಾನು ಇಲ್ಲಿಂದ ಆರಿಸಿ ಕಳಿಸಿದ ಸ್ಟ್ರಾಬೆರಿ ಸಸಿಗಳು ಎರಡು ಚಳಿಗಾಲವೂ ಹಿಮದಡಿ ಕೊಳೆತುಹೋದವು. ಇನ್ನೊಮ್ಮೆ ಹಾಗಾದರೆ ಅಲ್ಲಿ ಬಟಾಣಿ ಬಿತ್ತುವುದೇ ಸೈ ಎಂದು ಅತ್ತೆ ಹೇಳಿಬಿಟ್ಟಿದ್ದರು. ಅಂದು ಸಂಜೆಯೇ ಬಾಂದ್ರಾದಿಂದ ಅವಳ ರೈಲು.

ಮುಂದಿನ ಸಾಲಿನ ಕುಂಡಗಳಲ್ಲಿ ಕೆಂಪು ಹಣ್ಣು ತೂಗುತ್ತಿದ್ದವು. ನಾನು ಚೌಕಾಸಿ ಶುರು ಮಾಡಿದೆ. ಪಕ್ಕದಲ್ಲಿ ಮಗಳಿಲ್ಲ. ಹಿಂದೆ, ನೀರಿನ ಡ್ರಮ್ಮಿನ ಹತ್ತಿರ, ಬರೀ ಎಲೆಯ ನಾಲ್ಕಾರು ಗಿಡಗಳ ಮುಂದೆ ಕೂತಿದ್ದಾಳೆ.

"ಭಯ್ಯಾ, ಯೇ ಕಹಾಂ ಸೇ ಲಾಯಾ?" ಎಲ್ಲಿಂದ ತಂದದ್ದೆಂದು ನರ್ಸರಿಯವನನ್ನು ಕೇಳಿದಳು.

"ಪಹಾಡ್ ಸೇ, ಮೇಡಂ." ಬೆಟ್ಟದ ಕಡೆಯಿಂದ ತಂದನಂತೆ; ಇಲ್ಲಿ ಒಂದು ಹೂವೂ ಬಿಟ್ಟಿಲ್ಲ. "ಬೇಕಾರ್ ಮಾಲ್," ಕೆಲಸಕ್ಕೆ ಬಾರದ ಸರಕು ಅಂದ.

"ಅಪ್ಪಾ, ನನಗ ಇದ ಬೇಕು."

ಆಸೆ ಮುಖದ ಮೇಲೆ ಬಂತೆಂದರೆ ವ್ಯಾಪಾರ ಕೆಟ್ಟಂತೆ. ಬೇಕಾರ್ ಅಂದವನೇ ಮರುಕ್ಷಣ "ಸ್ಪೆಷಲ್ ವೆರೈಟಿ" ಅಂದ.

"ಹುಚ್ಚಿ, ಹೂ ಬಿಡಲಾರದ ಗಿಡ ಹೊತ್ಗೊಂಡು ಹೋಗ್ತೀಯೇನ? ನಿಮ್ಮತ್ತಿ ನಗ್ತಾರ."

"ನೀ ಆರಿಸಿದ್ದು ಸತ್ತಾಗ ಆಗಲೇ ಎರಡ ಸಲ ನಕ್ಕಾರಲ್ಲ."

ಆಮೇಲೆ ಅವಳೇ ದನಿ ತಗ್ಗಿಸಿದಳು. "ಚಳಿಗಾಲದಾಗ ಹಣ್ಣು ಬಿಡೋ ಇಲ್ಲಿ ಗಿಡಕ್ಕ ನಿದ್ದಿ ಗೊತ್ತಿಲ್ಲಪ್ಪ. ಹಿಮದಾಗೂ ಚಿಗುರಾಕ ಹೋಗಿ ಸಾಯ್ತಾವ. ಇವು ಚಳಿಗೆ ಮಲಗೋ ಜಾತಿ. ಇಲ್ಲೆ ಚಳಿ ಸಿಕ್ಕಿಲ್ಲ, ಅದಕ್ಕ ಹೂ ಇಲ್ಲ. ನಮ್ಮ ಬಾಜೂ ಮನ್ಯಾಗ ಇಂಥಾವ ಅದಾವ."

ಬೇಡವೆಂದು ಎದ್ದು ನಡೆಯುವುದು ನನ್ನ ಹಳೆಯ ಪಟ್ಟು. ಮಾರುವವರು ಬೆಲೆ ಇಳಿಸಿ ಹಿಂದಿನಿಂದ ಕೂಗಿ ಕರೆಯುತ್ತಾರೆ. ಗೇಟಿನವರೆಗೆ ಬಂದೆ. ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಮಗಳು ಎರಡು ಕುಂಡಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಲ್ಲೇ ನಿಂತಿದ್ದಾಳೆ, ನರ್ಸರಿಯವನು ನಗುತ್ತಿದ್ದಾನೆ. ಅವನು ಕೇಳಿದ್ದನ್ನು ಕೊಟ್ಟು ಬಂದೆ. ಬಾಂದ್ರಾವರೆಗಿನ ಟ್ರಾಫಿಕ್ಕಿನಲ್ಲಿ ಕುಂಡಗಳು ಅವಳ ಮಡಿಲಲ್ಲೇ ಇದ್ದವು.

ತಣ್ಣನೆಯ ಊರಿನವರು ನನ್ನಂತೆ ಕೆಡಬೇಡಿ. ಗಿಡ ಆರಿಸುವಾಗ ಹಣ್ಣಿನ ಬಣ್ಣ ಆಮೇಲೆ. ಅದು ಎಂಥ ಚಳಿ ಕಂಡು ಬದುಕಿದೆ ಎಂದು ಮೊದಲು ಕೇಳಿ.

ಮಗಳು ಎರಡನ್ನೂ ಆ ಮೂಲೆಯಲ್ಲೇ ನೆಟ್ಟಳು. ಮುಂದಿನ ಚಳಿಗಾಲ ಬಂತು. ಅವಳು ಕಳಿಸಿದ ಫೋಟೋಗಳಲ್ಲಿ ಎಲೆಗಳು ಕೆಂಪಾದವು, ಕಪ್ಪಾದವು, ನೆಲಕ್ಕೆ ಅಂಟಿದವು. ಮಲಗಿವೆ ಎಂದು ಅವಳು ಬರೆದಳು. ಸತ್ತಿವೆ ಎಂದು ನನಗನ್ನಿಸಿತು. ಆಮೇಲೆ ಹಿಮ ಮುಚ್ಚಿತು.

ಹಿಮ ಕರಗಿದ ಮೇಲೆ ಒಂದು ಬೆಳಿಗ್ಗೆ ವಿಡಿಯೋ ಕಾಲ್. ಬೀಗಿತ್ತಿ ಬಟಾಣಿ ಬೀಜದ ಬುಟ್ಟಿ ಸಮೇತ ಆ ಮೂಲೆಗೇ ಬಂದಿದ್ದರು. ಫೋನ್ ಹಿಡಿದಿದ್ದವಳು ಮಗಳು. ಬೀಗಿತ್ತಿ ಕುಕ್ಕರಗಾಲಲ್ಲಿ ಕೂತು ಹೊದಿಸಿದ್ದ ದೇವದಾರು ಎಲೆ ಸರಿಸಿದರು. ಕಪ್ಪು ಕಸ. ಗಿಡದ ನಡುವನ್ನು ಉಗುರಿನಿಂದ ಕೆದಕಿದರು. ಒಳಗೆ, ಬೀಸಣಿಗೆಯಂತೆ ಮಡಿಚಿಕೊಂಡ ಒಂದು ಹಸಿರು ಎಲೆ.

ಅವರು ಕೆದಕಿದ ಮಣ್ಣನ್ನು ಬೆರಳಿನಿಂದ ಒತ್ತಿ ಸರಿಮಾಡಿ, ಬುಟ್ಟಿ ಎತ್ತಿಕೊಂಡು ಗೋಡೆಯ ಆಚೆಗೆ ಹೋದರು.