ತುಂಬಿದ ಹೊಟ್ಟೆಗೆ ಬಾಗಿನ

ನಮ್ಮ ಕನ್ನಡ ಸಂಘದ ಅಧ್ಯಕ್ಷರು ಫೋನ್ ಮಾಡಿ, “ಮೇಡಂ, ಈ ಸಲ ಲೇಕು ಫುಲ್ ಆಗಿದೆ. ನಾವೆಲ್ಲ ಸೇರಿ ಬಾಗಿನ ಕೊಡೋಣ ಅಂತಿದ್ದೀವಿ. ನೀವು ಆ ಡಿಪಾರ್ಟ್‌ಮೆಂಟಲ್ಲೇ ಇದ್ದೀರಲ್ಲ, ಒಂದು ಪರ್ಮಿಷನ್ ಕೊಡಿಸಿಬಿಡಿ” ಎಂದಾಗ ನನ್ನ ಮೈ ಉರಿದುಹೋಯಿತು. ಆದರೂ ಬಾಯಲ್ಲಿ ಬಂದದ್ದು “ನೋಡ್ತೀನಿ ಸಾರ್” ಎಂದೇ. ಈ ಹಾಳು ದಾಕ್ಷಿಣ್ಯ ನಮ್ಮ ಜನಕ್ಕೆ ಹುಟ್ಟಿನಿಂದ ಅಂಟಿರುತ್ತದೆ, ಸಮುದ್ರ ದಾಟಿದರೂ ಬಿಡುವುದಿಲ್ಲ.

ಲೇಕು ಎಂದರೆ ಇಲ್ಲಿನ ಸರಟೋಗಾ ಊರಿನ ಹಿಂದಿನ ಗುಡ್ಡಗಳಾಚೆ ಒಂದು ಹೊಳೆಗೆ ಅಡ್ಡಲಾಗಿ ಅಣೆಕಟ್ಟೆ ಕಟ್ಟಿ ನಿಲ್ಲಿಸಿದ ನೀರು. ಅದರ ದಡದಲ್ಲಿ ದೊಡ್ಡ ದೊಡ್ಡ ಮನೆಗಳಿವೆ, ಅವುಗಳಲ್ಲಿ ಒಂದು ಅಧ್ಯಕ್ಷರದು. ನೀರಿನತ್ತ ಚಾಚಿದ ಅವರ ಮರದ ಡೆಕ್ಕಿನ ಮೇಲೆ ನಿಂತು ಕಾಫಿ ಕುಡಿದವರೆಲ್ಲ “ಏನ್ ವ್ಯೂ ಸಾರ್!” ಎನ್ನಲೇಬೇಕು. ನಾನು ನೀರಿನ ಇಲಾಖೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಸಣ್ಣ ದೋಣಿಯಲ್ಲಿ ಹೋಗಿ ಮೇಲಿನ, ನಡುವಿನ, ತಳದ ನೀರನ್ನು ಬಾಟಲಿಗಳಲ್ಲಿ ತುಂಬಿಸಿ ತಂದು ಪರೀಕ್ಷಿಸುತ್ತೇನೆ. ಅವರ ವ್ಯೂ ನನಗೆ ತಳದಿಂದ ಗೊತ್ತು.

ಗುಡ್ಡದಿಂದ ಇಳಿಯುವ ಹೊಳೆ ಬರಿಗೈಯಲ್ಲಿ ಬರುವುದಿಲ್ಲ. ಮಣ್ಣು, ಮರಳು, ಜಲ್ಲಿ, ಕೊಳೆತ ಎಲೆ, ಅವುಗಳಲ್ಲಿರುವ ರಂಜಕ, ಸಾರಜನಕ ಎಲ್ಲವನ್ನೂ ಹೊತ್ತು ತರುತ್ತದೆ. ದಾರಿಯುದ್ದಕ್ಕೂ ಹುಳಕ್ಕೆ, ಮೀನಿಗೆ, ದಡದ ಮರಕ್ಕೆ ಹಂಚಿ, ಉಳಿದದ್ದನ್ನು ಕೊಲ್ಲಿಯ ಜೌಗು ನೆಲಕ್ಕೆ ಒಪ್ಪಿಸುತ್ತದೆ. ಸಮುದ್ರವೂ ಸುಮ್ಮನಿರುವುದಿಲ್ಲ. ಅಲ್ಲಿ ತಿಂದು ಬೆಳೆದ ಮೀನುಗಳು ಹೊಳೆ ಹತ್ತಿ ಬಂದು ಮೊಟ್ಟೆಯಿಡುತ್ತವೆ, ಎಷ್ಟೋ ಮೀನುಗಳು ಅಲ್ಲೇ ಸತ್ತು ಆ ಹೊಳೆಗೇ ಗೊಬ್ಬರವಾಗುತ್ತವೆ. ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಕೊಡುಕೊಳ್ಳುವಿಕೆಯ ನಡುವೆ ನಾವು ಒಂದು ಗೋಡೆ ಎಬ್ಬಿಸಿದೆವು. ಹೊಳೆ ಹೊತ್ತು ತಂದದ್ದೆಲ್ಲ ಈಗ ಗೋಡೆಯ ಹಿಂದೆ ತಳ ಸೇರುತ್ತದೆ.

ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾಗಿ, ತಳದ ತಣ್ಣೀರಿನ ಜೊತೆ ಬೆರೆಯುವುದನ್ನೇ ಬಿಡುತ್ತದೆ. ತಳದಲ್ಲಿ ಆಮ್ಲಜನಕ ಮುಗಿದು, ಕೆಸರಿನಲ್ಲಿ ಹೂತಿದ್ದ ರಂಜಕ ಮತ್ತೆ ನೀರಿಗೆ ಸೇರುತ್ತದೆ. ಆ ನೀರಿನ ಬಾಟಲಿಯ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಚಳಿ ಶುರುವಾಗಿ ನೀರು ಮಗುಚಿದಾಗ ಅದೆಲ್ಲ ಮೇಲೆ ಬಂದು ಪಾಚಿಗೆ ಹಬ್ಬವಾಗುತ್ತದೆ. ಅಣೆಕಟ್ಟೆಯ ಕೆಳಗಿನ ಹೊಳೆಗೋ, ಸೋಸಿದಂಥ ತೆಳು ನೀರು. ಅದು ವರ್ಷವರ್ಷವೂ ಹೊಳೆಯ ತಳದ ಜಲ್ಲಿಯನ್ನು ಕೊಚ್ಚಿಕೊಂಡು ಹೋಗಿ ಗಟ್ಟಿ ಜೇಡಿಮಣ್ಣನ್ನು ಮಾತ್ರ ಉಳಿಸಿದೆ. ಮೇಲಿನಿಂದ ಹೊಸ ಜಲ್ಲಿ ಬರುವುದಕ್ಕೆ ದಾರಿಯೇ ಇಲ್ಲ.

ಮೇಲೆ ಅಜೀರ್ಣ, ಕೆಳಗೆ ಉಪವಾಸ. ನಮ್ಮವರು ಅಜೀರ್ಣವಾದವರಿಗೆ ಇನ್ನೂ ಒಂದು ಸುತ್ತು ಬಡಿಸಲು ಹೊರಟಿದ್ದರು. ಎರಡು ಮೊರದ ಅಕ್ಕಿ, ಬೇಳೆ, ಬೆಲ್ಲದಿಂದ ಜಲಾಶಯ ಕೆಡುವುದಿಲ್ಲ, ನನಗೂ ಗೊತ್ತು. ನನ್ನ ಸಿಟ್ಟು ಮೊರದ ಮೇಲಲ್ಲ, ನೀರು ತುಂಬಿ ನಿಂತರೆ ಸಾಕು, ಎಲ್ಲ ಸರಿಯಾಗಿದೆ ಎಂದು ಕೈಮುಗಿಯುವ ಬುದ್ಧಿಯ ಮೇಲೆ.

ಆ ವರ್ಷವೇ ಹೊಳೆಗೊಂದು ದಾರಿ ಕಾಣುವುದರಲ್ಲಿತ್ತು. ನನ್ನಂಥ ಕೆಲವರು ವರ್ಷಗಟ್ಟಲೆ ಬಾಯಿ ಬಡಿದುಕೊಂಡ ಮೇಲೆ ಇಲಾಖೆ ಅಣೆಕಟ್ಟೆಯ ಬುಡದಲ್ಲಿ, ಹೊಳೆಯ ಅಂಚಿಗೆ, ಟ್ರಕ್ಕುಗಳಲ್ಲಿ ಜಲ್ಲಿ ತಂದು ರಾಶಿ ಹಾಕಿಸಿತ್ತು. ಇನ್ನು ತಳದ ತೂಬು ತೆರೆದು ಕೆಲವು ದಿನ ಜೋರಾಗಿ ನೀರು ಬಿಟ್ಟರೆ ಆಯಿತು. ಜಲ್ಲಿಯೂ ಕೆಸರೂ ಕೆಳಗಿಳಿದು ಹೊಳೆಯ ತಳಕ್ಕೆ ಹಾಸಿಗೆಯಾಗುತ್ತಿತ್ತು. ಆದರೆ ಅಷ್ಟು ನೀರು ಬಿಟ್ಟರೆ ಜಲಾಶಯ ಇಳಿದು ದಡದ ಕೆಸರು ಕಾಣುತ್ತದೆ. ಆದ್ದರಿಂದ ದಡದ ಮನೆಗಳವರಿಗೆ ಬೇಡ. ಇಲಾಖೆಯ ಆಡಳಿತ ಮಂಡಳಿ ಜನರ ಅಭಿಪ್ರಾಯ ಕೇಳಿ ಮತ ಹಾಕುವುದೆಂದು ತೀರ್ಮಾನವಾಗಿತ್ತು.

ದಾಕ್ಷಿಣ್ಯಕ್ಕೆ ಬಿದ್ದು ಪರ್ಮಿಷನ್ ನಾನೇ ಕೊಡಿಸಿದ್ದೆ. ಬಾಗಿನದ ದಿನ ಎಳೆಬಿಸಿಲಿತ್ತು. ಹಿರಿಯ ಮುತ್ತೈದೆ ಎಂದು ನಮ್ಮತ್ತೆಯನ್ನೇ ಮುಂದೆ ನಿಲ್ಲಿಸಿದರು. ಅವರು ಉಡುಪಿಯ ಕಡೆಯವರು, ಈಗ ಬೆರ್ರಿಯೆಸಾ ಬಡಾವಣೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಇಲ್ಲಿಗೆ ಒಂದು ಗಂಟೆ ದೂರದ ಡಬ್ಲಿನ್ ಊರಿನಿಂದಲೂ ಹೆಂಗಸರು ರೇಷ್ಮೆ ಸೀರೆಯುಟ್ಟು, ಮೇಲೊಂದು ಜಾಕೆಟ್ಟು ಹಾಕಿಕೊಂಡು ಬಂದಿದ್ದರು. ಮೊರದೊಳಗೆ ಅರಿಸಿನ, ಕುಂಕುಮ, ಬಳೆ, ಕನ್ನಡಿ, ರವಿಕೆ ಕಣ ಎಲ್ಲ ಅಚ್ಚುಕಟ್ಟಾಗಿತ್ತು. ಅತ್ತೆ ಕಣ್ಣುಮುಚ್ಚಿ ಅದನ್ನು ನೀರಿಗೆ ಬಿಟ್ಟು ಕೈಮುಗಿದರು. ಅವರ ಭಕ್ತಿಯ ಬಗ್ಗೆ ನನಗೆ ಎರಡು ಮಾತಿಲ್ಲ.

ಎರಡನೆಯ ಮೊರ ಎತ್ತುವ ಮೊದಲು ನಾನು ಅಧ್ಯಕ್ಷರಿಗೆ ಹೇಳಿದೆ. “ಸಾರ್, ಇದನ್ನಾದ್ರೂ ಕೆಳಗಿನ ಹೊಳೆಗೆ ಕೊಡೋಣ. ಬಾಗಿನ ಹರಿಯೋ ಹೊಳೆಗೆ ಕೊಡೋದು, ಗೋಡೆಗಲ್ಲ.”

ಅವರು ನಕ್ಕುಬಿಟ್ಟರು. “ಅಲ್ಲೇನಿದೆ ಮೇಡಂ? ಮೊಣಕಾಲಿಗೂ ನೀರಿಲ್ಲ. ಮೊರ ತೇಲೋದೂ ಇಲ್ಲ. ಫೋಟೋ ಹೇಗೆ ಬರುತ್ತೆ?”

ನಾಲ್ಕು ಜನ ನಕ್ಕರು. ಎಲ್ಲರೂ ಎಂಜಿನಿಯರುಗಳು, ಡಾಕ್ಟರುಗಳು. ಹೊಳೆಯಲ್ಲಿ ಯಾಕೆ ನೀರಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಎರಡನೆಯ ಮೊರವೂ ಜಲಾಶಯಕ್ಕೇ ಹೋಯಿತು. ನಾನು ಪುಳಿಯೋಗರೆ ಮುಟ್ಟದೆ ಕಾರಿನಲ್ಲಿ ಹೋಗಿ ಕುಳಿತೆ.

ಮಂಡಳಿಯ ಸಭೆಯಲ್ಲಿ ಆ ಫೋಟೋವನ್ನು ಗೋಡೆಯಷ್ಟು ಅಗಲಕ್ಕೆ ತೋರಿಸಿದಾಗ ನನಗೆ ಎಲ್ಲ ಅರ್ಥವಾಯಿತು. ನೀಲಿ ನೀರು, ತೇಲುವ ಮೊರ, ಕೈಮುಗಿದು ನಿಂತ ನಮ್ಮತ್ತೆ. ಅಧ್ಯಕ್ಷರು ಮೈಕಿನ ಮುಂದೆ ನಿಂತು, ತುಂಬಿದ ಜಲಾಶಯ ನಮ್ಮ ಸಮುದಾಯಕ್ಕೆ ದೇವರ ಸಮಾನ, ಅದನ್ನು ಬರಿದು ಮಾಡಿದರೆ ನಮ್ಮ ಹಿರಿಯರ ಮನಸ್ಸಿಗೆ ನೋವಾಗುತ್ತದೆ ಎಂದು ಸೊಗಸಾದ ಇಂಗ್ಲಿಷಿನಲ್ಲಿ ಹೇಳಿ, ಮೊದಲ ಸಾಲಿನಲ್ಲಿ ಕುಳಿತಿದ್ದ ಅತ್ತೆಯ ಕಡೆ ಕೈ ತೋರಿಸಿದರು. ಪೂಜೆಗೆ ಸನ್ಮಾನ ಮಾಡುತ್ತಾರೆಂದು ಹೇಳಿ ಅವರನ್ನು ಕರೆದು ತಂದಿದ್ದರಂತೆ. ಅತ್ತೆಗೆ ಆ ಇಂಗ್ಲಿಷು ಅರ್ಥವಾಗಲಿಲ್ಲ. ಎದ್ದು ನಿಂತು ಎಲ್ಲರಿಗೂ ನಮಸ್ಕಾರ ಮಾಡಿದರು. ಚಪ್ಪಾಳೆ ಬಿತ್ತು.

ಡೆಕ್ಕಿನ ವ್ಯೂ ಉಳಿಸಿಕೊಳ್ಳಲು ದೇವರನ್ನು ಎಳೆತಂದರಲ್ಲ, ನಾಚಿಕೆಯಾಗಬೇಡವೇ? ವ್ಯೂ ಬೇಕು ಎಂದು ನೇರವಾಗಿ ಹೇಳಿದ್ದರೆ ನಾನು ಇಷ್ಟು ಕುದಿಯುತ್ತಿರಲಿಲ್ಲ. ನನ್ನ ಸರದಿ ಬಂದಾಗ ರಜೆ ಹಾಕಿ ಬಂದ ಸಾಮಾನ್ಯ ನಿವಾಸಿಯಾಗಿ ಮಾತಾಡಿದೆ. ಆ ಸಂಪ್ರದಾಯ ನನ್ನದೂ ಹೌದು, ಅದು ಹರಿಯುವ ನೀರಿಗೆ ಸಲ್ಲುವುದು ಎಂದೆ. ರಂಜಕದ ವಿಷಯಕ್ಕೆ ಬರುವಷ್ಟರಲ್ಲಿ ನನ್ನ ಸಮಯ ಮುಗಿಯಿತೆಂದು ಕೆಂಪು ದೀಪ ಹತ್ತಿಕೊಂಡಿತು. ಮಂಡಳಿಯವರು ಸಮುದಾಯದ ಭಾವನೆಗೆ ಗೌರವ ಸೂಚಿಸಿ, ನೀರು ಬಿಡುವುದನ್ನು ಮುಂದಿನ ವರ್ಷಕ್ಕೆ ತಳ್ಳಿದರು.

ಹೊರಗೆ ಬಂದಾಗ ಅತ್ತೆ ಖುಷಿಯಲ್ಲಿದ್ದರು. “ನೋಡಿದ್ಯಾ, ನಮ್ಮ ಪೂಜೆಗೆ ಇಲ್ಲಿಯವ್ರು ಎಷ್ಟು ಮರ್ಯಾದೆ ಕೊಟ್ರು!” ನಾನು ಕಾರಿನ ಬಾಗಿಲು ಧಡ್ ಎಂದು ಹಾಕಿದೆ. ಮನೆಯಲ್ಲೂ ಮುಖ ಗಂಟು ಹಾಕಿಕೊಂಡೇ ಓಡಾಡಿದೆ. ಶನಿವಾರ ಬೆಳಿಗ್ಗೆ ಅವರೇ ಬಂದು ಎದುರು ನಿಂತರು.

“ಎಂಥ ಮಾರಾಯ್ತಿ ನಿಂದು? ಬೈಯೂದಾದ್ರೆ ಬೈ, ಹೀಗೆ ಉಬ್ಬಿಕೊಂಡು ಕೂರ್ಬೇಡ. ಆ ನಿನ್ನ ಹೊಳೆ ನನಗೂ ಒಮ್ಮೆ ತೋರಿಸು.”

ಕರೆದುಕೊಂಡು ಹೋದೆ. ಅಣೆಕಟ್ಟೆಯ ಕೆಳಗಿನ ಕಾಲುದಾರಿಯಲ್ಲಿ ಅವರ ಕೈ ಹಿಡಿದು ಇಳಿಸಿದೆ. ಜಲ್ಲಿಯ ರಾಶಿ ಟ್ರಕ್ಕು ಸುರಿದಲ್ಲೇ ಒಣಗಿ ನಿಂತಿತ್ತು. ಸ್ವಲ್ಪ ಕೆಳಗೆ, ಗಾಜಿನಂಥ ತೆಳು ನೀರಿನಲ್ಲಿ ಒಂದು ದೊಡ್ಡ ಸ್ಟೀಲ್‌ಹೆಡ್ ಮೀನು ಕಂಡಿತು. ಸಮುದ್ರದಿಂದ ಕೊಲ್ಲಿ ಹೊಕ್ಕು, ಸೇತುವೆಗಳ, ಫ್ರೀವೇಗಳ ಅಡಿಯಿಂದ ನುಸುಳಿ ಬಂದ ಹೆಣ್ಣು ಮೀನು. ಅದು ಒಂದು ಪಕ್ಕಕ್ಕೆ ಹೊರಳಿ ಬಾಲದಿಂದ ತಳವನ್ನು ಹೊಡೆಯಿತು. ಜೇಡಿಯ ಸಣ್ಣ ಹೊಗೆ ಎದ್ದಿತೇ ಹೊರತು ಗುಂಡಿ ಬೀಳಲಿಲ್ಲ. ಸ್ವಲ್ಪ ಮುಂದೆ ಹೋಗಿ ಮತ್ತೆ ಹೊಡೆಯಿತು. ಬಾಲದ ಅಂಚು ಸವೆದು ಬೆಳ್ಳಗಾಗಿತ್ತು.

“ಎಂಥ ಮಾಡ್ತಾ ಉಂಟು ಅದು?” ಅತ್ತೆ ಕೇಳಿದರು.

“ಮೊಟ್ಟೆ ಇಡೋಕೆ ಗುಂಡಿ ತೋಡ್ತಿದೆ ಅತ್ತೆ. ಜಲ್ಲಿ ಇದ್ರೆ ತೋಡಬಹುದು. ಈ ಜೇಡೀಲಿ ಆಗಲ್ಲ. ತೂಬು ತೆಗೆದಿದ್ರೆ ಆ ರಾಶಿ ಈಗ ಇಲ್ಲಿ ಹಾಸಿರ್ತಿತ್ತು. ಅಧ್ಯಕ್ಷರು ಬೇಡ ಅಂದ್ರಲ್ಲ, ನಿಮ್ಮನ್ನ ನಿಲ್ಲಿಸಿ, ನಿಮ್ಮ ಬಾಗಿನದ ಫೋಟೋ ತೋರಿಸಿ.”

ಸಭೆಯಲ್ಲಿ ಏನು ನಡೆಯಿತೆಂದು ಒಂದೊಂದಾಗಿ ಹೇಳಿದೆ. ದನಿ ಏರಿತು, ಏರಲಿ ಎಂದು ಬಿಟ್ಟೆ. ಅತ್ತೆ ಮೀನಿನಿಂದ ಕಣ್ಣು ತೆಗೆಯಲಿಲ್ಲ. ಅದು ಮತ್ತೊಮ್ಮೆ ಹೊರಳಿ ಬಾಲ ಹೊಡೆದಾಗ, ಏಟು ತಮಗೇ ಬಿದ್ದಂತೆ ಸೊಂಟಕ್ಕೆ ಕೈಯಿಟ್ಟುಕೊಂಡರು.

“ಬಸುರಿ ಹೆಂಗ್ಸು ಹೆರಿಗೆಗೆ ಅಂತ ತವರಿಗೆ ಬಂದದ್ದು,” ಎಂದರು ಕೊನೆಗೆ. “ಅವಳಿಗೆ ಮಲಗ್ಲಿಕ್ಕೆ ಜಾಗ ಇಲ್ಲದ ಹಾಗೆ ಮಾಡಿ, ನಾನು ಮೇಲೆ ನಿಂತು ಬಳೆ ಅರಿಸಿನ ಕೊಟ್ಟದ್ದಾ?”

ಕಾರಿಗೆ ಬಂದು ಸಿಗ್ನಲ್ ಸಿಕ್ಕ ಕೂಡಲೇ ಅವರೇ ಅಧ್ಯಕ್ಷರಿಗೆ ಫೋನ್ ಮಾಡಿಸಿದರು. ಸ್ಪೀಕರಿನಲ್ಲಿ ಹಿಂದೆ ನಗು, ತಟ್ಟೆಗಳ ಸದ್ದು ಕೇಳುತ್ತಿತ್ತು.

“ನೀವು ಈಗಲೇ ಹೊಳೆ ಹತ್ರ ಬನ್ನಿ,” ಎಂದರು ಅತ್ತೆ. “ನನ್ನನ್ನು ನಿಲ್ಲಿಸಿ ನೀವು ಎಂಥ ಕೆಲ್ಸ ಮಾಡಿದ್ದು ಅಂತ ಕಣ್ಣಾರೆ ನೋಡ್ಬೇಕು.”

“ಅಯ್ಯೋ ಅಮ್ಮ, ಮನೇಲಿ ಗೆಸ್ಟ್ಸ್ ಇದ್ದಾರೆ, ಡೆಕ್ ಮೇಲೆ ಲಂಚು. ನಾಳೆ ಖಂಡಿತ ಬರ್ತೀನಿ.”

ಮಾತಿಗೆ ತಪ್ಪಲಿಲ್ಲ, ಭಾನುವಾರ ಬಂದರು. ಬಿಳಿ ಶೂಸಿಗೆ ಕೆಸರು ತಾಗದಂತೆ ಹೆಜ್ಜೆ ನೋಡಿ ನೋಡಿ ಇಟ್ಟುಕೊಂಡು, ಕೈಯಲ್ಲಿ ಫೋನಿನ ಕ್ಯಾಮೆರಾ ತೆರೆದುಕೊಂಡೇ ಇಳಿದರು. ನೀರಿನಲ್ಲಿ ಮೀನು ಇರಲಿಲ್ಲ. ಜೇಡಿಯ ಮೇಲೆ ಬಾಲ ಕೆರೆದ ಗೀರುಗಳು ಅಲ್ಲಲ್ಲಿ ಕಾಣುತ್ತಿದ್ದವು, ಗುಂಡಿ ಒಂದೂ ಇರಲಿಲ್ಲ.

“ಎಲ್ಲಿ ಅಮ್ಮ, ಮೀನು?” ಎಂದು ಕೇಳಿದರು.

ಅತ್ತೆ ಅವರ ಮುಖ ನೋಡಲಿಲ್ಲ. “ಹೆರಿಗೆ ನಿಮ್ಮ ಲಂಚಿಗೆ ಕಾಯ್ತದಾ?” ಎಂದರು.